ವಾಪಸು ಲಕೋಟೆ ಇಲ್ಲದ ಕಥೆಗಳು

ಕಥೆ ಕಳಿಸುವವರಿಗೆ ವಾರಪತ್ರಿಕೆಗಳು ಹಾಕುತ್ತಿದ್ದ ನಿಯಮ ಹಳಬರಿಗೆ ನೆನಪಿರಬಹುದು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಅಸ್ವೀಕೃತ ಕಥೆ ಹಿಂದಿರುಗಬೇಕಿದ್ದರೆ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಲಗತ್ತಿಸಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯ ಕಥಾವಿಭಾಗಕ್ಕೆ ಸೇರಿದ ನನಗೆ ಮೊದಲು ಸಿಕ್ಕ ಕೆಲಸವೇ ಬೆಳಗಿನ ಟಪಾಲು ಒಡೆಯುವುದು. ರಾಯಚೂರು, ಶಿರಸಿ, ಚಿಂತಾಮಣಿ, ಡೊಂಬಿವಲಿ, ಎಲ್ಲೆಲ್ಲಿಂದಲೋ ಕಥೆಗಳು ಬರುತ್ತಿದ್ದವು.

ವಾಪಸು ಲಕೋಟೆ ಇಡದವರಲ್ಲಿ ಹೆಚ್ಚಿನವರದು ಮರೆವು. ಬೇಕೆಂದೇ ಇಡದವರೂ ಇದ್ದರು. ಗಂಡು ಗಂಡನ್ನು ಪ್ರೀತಿಸುವ ಕಥೆ ಬರೆದವರು ಲಕೋಟೆ ಇಡುತ್ತಿರಲಿಲ್ಲ. ತಿರಸ್ಕೃತವಾದ ಕಥೆ ಮನೆಬಾಗಿಲಿಗೆ ಬಂದು ಅಪ್ಪನ ಕೈಗೋ ಅಣ್ಣನ ಕೈಗೋ ಸಿಕ್ಕರೆ ಗತಿಯೇನು?

ಒಂದು ಕಥೆ ಇನ್ನೂ ಕಣ್ಣಮುಂದಿದೆ. ಗೆರೆ ಹಾಕಿದ ಫುಲ್‌ಸ್ಕೇಪ್ ಹಾಳೆ, ನೀಲಿ ಇಂಕು, ದುಂಡಗಿನ ಅಕ್ಷರ. ಹಾಸ್ಟೆಲಿನ ಒಂದೇ ಕೋಣೆಯಲ್ಲಿರುವ ಇಬ್ಬರು ಹುಡುಗರು. ಒಬ್ಬ ಹೆಣ್ಣು ನೋಡಲು ಊರಿಗೆ ಹೊರಟಿದ್ದಾನೆ. ಇನ್ನೊಬ್ಬ ಅವನ ಅಂಗಿಗೆ ಇಸ್ತ್ರಿ ಹಾಕಿಕೊಡುತ್ತಿದ್ದಾನೆ. ಕಾಲರು, ತೋಳು, ಬೆನ್ನು ಎಂದು ಇಸ್ತ್ರಿ ಸಾಗಿದಂತೆ ಕಥೆಯೂ ಸಾಗುತ್ತದೆ. ಕೊನೆಗೆ ಹೊರಟವನು ಬಸ್ಸು ಹತ್ತುತ್ತಾನೆ, ಉಳಿದವನು ಕೋಣೆಗೆ ಬಂದು ಮರುದಿನದ ಪರೀಕ್ಷೆಗೆ ಓದಲು ಕೂರುತ್ತಾನೆ. ಅಷ್ಟೇ. ಲೇಖಕನ ಹೆಸರಿನ ಜಾಗದಲ್ಲಿ ಎರಡು ಇನಿಷಿಯಲ್ಲು. ಜೊತೆಗೊಂದು ಚೀಟಿ: ಹಾಕದಿದ್ದರೆ ಹರಿದುಬಿಡಿ, ಹಾಕಿದರೆ ಸಂಭಾವನೆ ಬೇಡ. ಸಂಭಾವನೆ ಬರುತ್ತಿದ್ದುದು ಮನಿಯಾರ್ಡರಿನಲ್ಲಿ. ಅದನ್ನು ತರುವ ಪೋಸ್ಟ್‌ಮ್ಯಾನಿಗೆ ಊರಿನವರೆಲ್ಲ ಗೊತ್ತು.

ಸಂಪಾದಕರಿಗೆ ಕಥೆ ಮೆಚ್ಚಿಗೆಯಾಯಿತು. "ಚೆನ್ನಾಗಿ ಬರೆದಿದಾನಮ್ಮ. ಕೊನೇಲಿ ಆ ಹುಡುಗ ಸಾಯೋ ಹಾಗೆ ಮಾಡಿದ್ರೆ ಹಾಕಬಹುದು," ಎಂದರು. ಬದಲಿಸಿ ಕೊಡಿ ಎಂದು ಕೇಳಲು ವಿಳಾಸವೇ ಇರಲಿಲ್ಲ. ಕಥೆ ಕಪಾಟು ಸೇರಿತು. ಕೆಲವು ವರ್ಷಗಳ ಮೇಲೆ ಕಚೇರಿ ಬೇರೆ ಕಟ್ಟಡಕ್ಕೆ ಹೋದಾಗ ಕಪಾಟಿನ ಕಾಗದವೆಲ್ಲ ರದ್ದಿಯವನ ತಕ್ಕಡಿಗೆ ಹೋಯಿತು. ನಾನು ಓದಿದ ಒಳ್ಳೆಯ ಕಥೆಗಳಲ್ಲಿ ಅದೂ ಒಂದು. ಅದನ್ನು ಬರೆದವರು ಎಲ್ಲಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಈ ಮಾತು ತಿಳಿಯಲಿ.

ಆ ಸಂಪಾದಕರು ಕೆಟ್ಟವರಲ್ಲ. ಅಂದಿನ ಪದ್ಧತಿಯೇ ಹಾಗಿತ್ತು. ಅಂಥ ಪಾತ್ರ ಅಪರೂಪಕ್ಕೆ ಕಥೆಯೊಳಗೆ ಬಂದರೆ ಕೊನೆಯ ಪುಟದೊಳಗೆ ಬಾವಿಗೆ ಬೀಳಬೇಕು, ಇಲ್ಲವೇ ಮದುವೆಯಾಗಿ 'ಸರಿ' ಹೋಗಬೇಕು. ಹಾಸ್ಯ ಲೇಖನಗಳಲ್ಲಿ ಅವನು ಸೊಂಟ ಬಳುಕಿಸಿ ಮಾಯವಾಗುತ್ತಿದ್ದ. ಟ್ಯಾಬ್ಲಾಯ್ಡುಗಳಲ್ಲಂತೂ ಪಾರ್ಕಿನಲ್ಲಿ ಸಿಕ್ಕಿಬಿದ್ದವರ ವರದಿಯಾಗಿ ಬರುತ್ತಿದ್ದ. ಇದೇ ಬೆಂಗಳೂರಿನ ನಾಟಕಕಾರ ಮಹೇಶ್ ದತ್ತಾನಿ 1998ರಲ್ಲಿ ಇಂಥವರ ಪ್ರೀತಿ, ಜಗಳ, ಭಯಗಳನ್ನೇ ಇಂಗ್ಲಿಷ್ ರಂಗಭೂಮಿಗೆ ತಂದರು. ಅದೇ ಊರಿನ ಕನ್ನಡ ಪತ್ರಿಕೆಯ ಮೇಜಿನ ಮೇಲೆ ಹಾಸ್ಟೆಲಿನ ಹುಡುಗನಿಗೆ ಜಾಗವಿರಲಿಲ್ಲ. ಪ್ರಕಾಶಕರಿಗೆ ಬೇರೆ ಅಳುಕು: ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾಗದಿದ್ದರೆ ಅಚ್ಚು ಹಾಕಿದ ಸಾವಿರ ಪ್ರತಿಗಳನ್ನು ಎಲ್ಲಿಡುವುದು?

ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ 'ಬರಹ' ಬಂತು, 'ನುಡಿ' ಬಂತು, ಕಥೆಗಳು ಇಮೇಲಿನಲ್ಲಿ ಬರತೊಡಗಿದವು. ನಮಗೆ ಅದರಿಂದ ಉಳಿದದ್ದು ಜಾಗ. ಅಂಜಿ ಬರೆಯುವವರಿಗೆ ಸಿಕ್ಕಿದ್ದು ಮನೆಯವರ ಕಣ್ಣಿಗೆ ಬೀಳದ ಒಂದು ವಿಳಾಸ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧಕ್ಕೆ ದಂಡ ಸಂಹಿತೆಯ 377ನೇ ಕಲಂ ಅನ್ವಯಿಸದು ಎಂದು ತೀರ್ಪಿತ್ತ ಮೇಲೆ ಇಂಥ ಕಥೆಗಳು ತುಸು ಹೆಚ್ಚಾದವು. ಹೆಸರು ಮಾತ್ರ ಹೆಚ್ಚಾಗಿ ಕಾವ್ಯನಾಮವೇ.

2013ರಲ್ಲಿ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಬಂತು. ಅದರ ಮೊದಲ ಕಥೆ ಕೂಡ ಹಿಂದೆ ಪತ್ರಿಕೆಯಲ್ಲಿ ಅಚ್ಚಾದದ್ದು ಬೇರೆ ಹೆಸರಿನಲ್ಲೇ. ಈಗ ಮುಖಪುಟದ ಮೇಲೆ ಅವರದೇ ಹೆಸರು. ಸಂಡೂರಿನವರು, ಸಾಫ್ಟ್‌ವೇರಿನಲ್ಲಿದ್ದವರು, ಅಮ್ಮನ ಕುರಿತ ಪ್ರಬಂಧಗಳಿಂದ ಮನೆಮನೆಗೂ ಬೇಕಾದವರು. ಅವರು ತಮ್ಮ ಬದುಕೂ ಇದೇ ಎಂದು ಹೇಳಿಕೊಂಡರು. ನಮ್ಮ ಕಚೇರಿಯಲ್ಲಿ ಆ ಪುಸ್ತಕ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂತು. ಮೋಹನಸ್ವಾಮಿಗೆ ಅವಮಾನವಿದೆ, ಪ್ರೀತಿಸಿದವನು ಮದುವೆಯಾಗಿ ಹೋಗುತ್ತಾನೆ, ಆದರೆ ಅವನು ಸಾಯುವುದಿಲ್ಲ, ಕಿಲಿಮಂಜಾರೊ ಹತ್ತುತ್ತಾನೆ. ಕಥಾವಿಭಾಗದಲ್ಲಿ ಅಷ್ಟು ವರ್ಷ ಕೂತಿದ್ದ ನನಗೆ ಇದರ ಬೆಲೆ ಎಷ್ಟೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ರದ್ದುಮಾಡಿತು. ಪುಸ್ತಕ ಅಂಗಡಿಯಲ್ಲಿರುವಾಗಲೇ ಅದರ ನಾಯಕ ಮತ್ತೆ ಅಪರಾಧಿಯಾದ. ಪುಸ್ತಕದ ಓಟ ನಿಲ್ಲಲಿಲ್ಲ. ಮರುಮುದ್ರಣಗಳಾದವು, 2016ರಲ್ಲಿ ರಶ್ಮಿ ತೇರದಾಳರ ಇಂಗ್ಲಿಷ್ ಅನುವಾದ ಬಂತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಅಪರಾಧದ ಹಣೆಪಟ್ಟಿಯನ್ನು ಕಿತ್ತುಹಾಕುವ ಹೊತ್ತಿಗೆ ಕನ್ನಡದ ಓದುಗರು ಮೋಹನಸ್ವಾಮಿಯನ್ನು ಐದು ವರ್ಷಗಳಿಂದ ಬಲ್ಲವರಾಗಿದ್ದರು.

ಪತ್ರಿಕೆಯವಳಾಗಿಯೇ ಒಂದು ಮಾತು ಹೇಳಬೇಕು. ಆ ಬಾಗಿಲನ್ನು ನಾವು ತೆರೆಯಲಿಲ್ಲ. 'ಮೋಹನಸ್ವಾಮಿ'ಯನ್ನು ಹೊರತಂದದ್ದು ವಸುಧೇಂದ್ರರೇ 2004ರಲ್ಲಿ ಕಟ್ಟಿದ ಛಂದ ಪುಸ್ತಕ. ಕೊನೆಯನ್ನು ಬದಲಿಸಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಸ್ವಂತ ಪ್ರಕಾಶನವಿಲ್ಲದ, ಊರು ಬಿಟ್ಟು ಬರಲಾಗದ ಲೇಖಕರಿಗೆ ಆ ಅನುಕೂಲ ಇರಲಿಲ್ಲ, ಇಂದಿಗೂ ಇಲ್ಲ.

ಈಗ ಕಥಾಸ್ಪರ್ಧೆಗಳಿಗೆ ಇಂಥ ಕಥೆಗಳು ಬರುತ್ತವೆ, ಬಹುಮಾನವನ್ನೂ ಪಡೆಯುತ್ತವೆ. ತೀರ್ಪುಗಾರಳಾಗಿ ಕೂತಾಗ ಓದಿದ್ದೇನೆ. ಹೆಚ್ಚಿನವು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೇ ನಡೆಯುತ್ತವೆ. ನಾಯಕನಿಗೆ ಒಳ್ಳೆಯ ಸಂಬಳವಿರುತ್ತದೆ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಸರ್ಕಾರಿ ಶಾಲೆಯ ಸ್ಟಾಫ್‌ರೂಮಿನಲ್ಲಿ ಇರುವವರು ಕಥೆಯಾಗುವುದು ಕಡಿಮೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಕಥೆ ಅದಕ್ಕಿಂತ ಕಡಿಮೆ. ಅಂಥ ಹೆಣ್ಣುಮಕ್ಕಳು ಇಲ್ಲವೆಂದಲ್ಲ. ಬರೆದದ್ದನ್ನು ಬಚ್ಚಿಡಲು ಅವರಿಗೆ ಸ್ವಂತದ ಕೋಣೆಯಿಲ್ಲ, ಎಷ್ಟೋ ಮನೆಗಳಲ್ಲಿ ಸ್ವಂತದ ಫೋನೂ ಇಲ್ಲ.

ದೀಪಾವಳಿ ವಿಶೇಷಾಂಕಗಳ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಕಾವ್ಯನಾಮದಲ್ಲಿ ಬಂದ ಕಥೆಯನ್ನು ಬದಿಗಿಡದೆ ಪೂರ್ತಿ ಓದಿ. ಲೇಖಕರು ತಮ್ಮ ಗುರುತು ಬೇಡವೆಂದರೆ ಒತ್ತಾಯಿಸಬೇಡಿ. ತಿದ್ದುವುದಿದ್ದರೆ ಭಾಷೆಯನ್ನು ತಿದ್ದಿ. ಬದುಕಿರುವ ಪಾತ್ರವನ್ನು ಸಾಯಿಸಿ ಎಂದು ಮಾತ್ರ ಕೇಳಬೇಡಿ.