ಟೇಪು ಹಿಡಿಸಿ ನೋಡಿದ್ರಾ?

ತಂಗಿ ನೋಡಿಟ್ಟಿದ್ದ ಮನೆಯ ಅಳತೆ ಮುಗಿಸಿ ಈಗಷ್ಟೇ ಬಂದ್ವಿ. ಪತ್ರದಲ್ಲಿ 30×40. ಮುಂದುಗಡೆ 30 ಅಡಿ ಸರಿಯಾಗೇ ಇದೆ. ಸರ್ವೇಯರ್ ಹಿಂದುಗಡೆ ಹೋಗಿ, ಗೋಡೆಗೊರಗಿಸಿದ್ದ ಹಳೇ ಬಾಗಿಲು ಸರಿಸಿ ಟೇಪು ಹಿಡಿದ್ರೆ 28! ಪಕ್ಕದವರ ಕಾಂಪೌಂಡು ಓರೆಯಾಗಿ ಒಳಗೆ ಬಂದಿದೆ. 40 ಚದರಡಿ ಹೋಯ್ತು. ಬೆಂಗಳೂರಲ್ಲಿ ಅಷ್ಟು ಜಾಗಕ್ಕೆ ಎಷ್ಟು ದುಡ್ಡು ಅಂತ ನಿಮಗೇ ಗೊತ್ತು. ಮಾರೋರು ಮೊದಲು ಮುಖ ಊದಿಸ್ಕೊಂಡ್ರು, ಆಮೇಲೆ ರೇಟಿನ ಮಾತಿಗೆ ಕೂತ್ರು.

ಮನೆ ಕೊಳ್ಳುವಾಗ ವಕೀಲರ ಹತ್ರ ಓಡ್ತೀವಿ, ಇಸಿ ತೆಗೆಸ್ತೀವಿ, ಖಾತಾ, ಕಂದಾಯದ ರಸೀದಿ ಎಲ್ಲ ನೋಡ್ತೀವಿ. ಆದ್ರೆ ಇಸಿಯಲ್ಲಿ ಸಿಗೋದು ನೋಂದಣಿಯಾದ ಕ್ರಯ, ಅಡಮಾನ ಇಂಥವು. ಗೋಡೆ ಎಲ್ಲಿ ನಿಂತಿದೆ ಅನ್ನೋದು ಅದರಲ್ಲಿ ಇರಲ್ಲ. ಚಕ್ಕುಬಂದಿ ಹಿಡ್ಕೊಂಡು ಜಾಗದಲ್ಲೇ ತಾಳೆ ನೋಡೋಕೆ ಸರ್ವೇಯರೇ ಬೇಕು. ಬ್ರೋಕರ್‌ಗೆ ಕಮಿಷನ್ ಎಣಿಸಿ ಕೊಡೋ ನಾವು ಇದಕ್ಕೆ ಮಾತ್ರ ಹಿಂದೇಟು ಹಾಕ್ತೀವಲ್ಲ, ನಂಗೆ ನಿಜಕ್ಕೂ ಬೇಜಾರು.

ರಾಜಕಾಲುವೆ ಪಕ್ಕದ ಜಾಗ ಆದ್ರಂತೂ ಅಳತೆ ಮಾಡಿಸದೆ ಬಿಡಲೇಬೇಡಿ. 2016ರಲ್ಲಿ ಬೆಂಗಳೂರಲ್ಲಿ ಕಾಲುವೆ ಒತ್ತುವರಿ ಅಂತ ಮನೆ ಒಡೆದಾಗ ಪತ್ರ ಕೈಲಿ ಹಿಡ್ಕೊಂಡು ನಿಂತಿದ್ದೋರನ್ನ ಮರೆಯೋಕಾಗಲ್ಲ. ದಿಶಾಂಕ್ ಆ್ಯಪಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ, ಒಳ್ಳೇದೇ. ಅಡಿ, ಇಂಚಿನ ಲೆಕ್ಕಕ್ಕೆ ಅದು ಸಾಲದು.

ನಿಮ್ಮಲ್ಲಿ ಯಾರ್ಯಾರು ಅಡ್ವಾನ್ಸ್ ಕೊಡೋ ಮುಂಚೆ ಅಳತೆ ಮಾಡಿಸಿದ್ರಿ? ಮಾರೋರು ಒಪ್ಪಿದ್ರಾ? ಸರ್ವೇಯರ್ ಎಷ್ಟು ತಗೊಂಡ್ರು? ಇಲ್ಲೇ ಬರೀರಿ, ಮನೆ ಹುಡುಕ್ತಿರೋರಿಗೆ ಉಪಯೋಗ ಆಗುತ್ತೆ.