ಅಂಗಳಕ್ಕೊಂದು ಕಾಡಡಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕತ್ತೆತ್ತಿ ಮರ ನೋಡದ ಮನುಷ್ಯನಿಲ್ಲ. ಆಷಾಢದ ಮಳೆ ಹಿಡಿದುಕೊಂಡರೆ ಕೊಳೆ ಬಂತೇನೋ ಎಂದು ನೋಡುತ್ತೇವೆ. ಕೊನೆಗೌಡ ಮರ ಏರಿದರೆ ಎಷ್ಟು ಕೊನೆ ಇಳಿದೀತು ಎಂದು ನೋಡುತ್ತೇವೆ. ಈಚೆಗೆ ಸೋಗೆಯ ಮೇಲೆ ಎಲೆಚುಕ್ಕೆ ಬಿದ್ದಿದೆಯೇ ಎಂದೂ ನೋಡುತ್ತೇವೆ. ಇಷ್ಟೆಲ್ಲ ನೋಡುವ ನಾವು ಅದೇ ಮರವನ್ನು ಸುಮ್ಮನೆ, ಚಂದಕ್ಕಾಗಿ ನೋಡುವುದು ಕಡಿಮೆ. ನಮ್ಮ ಬದುಕು ನಿಂತಿರುವುದೇ ಅದರ ಮೇಲೆ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಶಿರಸಿ ಅಡಿಕೆ ಈ ಊರುಗಳ ಶಾಲೆ, ಮದುವೆ, ಆಸ್ಪತ್ರೆ ಎಲ್ಲದರ ಖರ್ಚನ್ನೂ ಹೊತ್ತಿದೆ. ಹೊಟ್ಟೆ ಹೊರೆಯುವ ಮರದ ಎದುರು ಲೆಕ್ಕ ಮುಂದಾಗುವುದು ಸಹಜ. ಆದ್ದರಿಂದಲೇ ಅಂಗಳದ ಒಂದು ಮೂಲೆಯಲ್ಲಾದರೂ ಲೆಕ್ಕಕ್ಕೆ ಸಿಗದ ಒಂದು ಮರ, ಅದೂ ಅಡಿಕೆಯ ಬಳಗದ್ದೇ ಆದ ಒಂದು ಮರ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಂಗಳಕ್ಕೆ ಚಂದದ ಗಿಡ ಹುಡುಕುವವರು ನಮ್ಮಲ್ಲಿ ಹೆಚ್ಚಿದ್ದಾರೆ, ಅದು ಸಂತೋಷದ ಮಾತು. ಶಿರಸಿಯ ಯಾವ ನರ್ಸರಿಗೆ ಹೋದರೂ ಬಾಗಿಲಲ್ಲೇ ಪಾಮ್‌ಗಳ ಸಾಲು. ಅರೆಕಾ ಪಾಮ್ ಎಂದು ಮಾರುವ ಹಳದಿ ಕಾಂಡದ ಹಿಂಡು ಗಿಡ ಮಡಗಾಸ್ಕರಿನದು. ಹೊಸ ಮನೆಗಳ ಗೇಟಿನ ಎರಡು ಬದಿಗೆ ನಿಲ್ಲುವ ರಾಯಲ್ ಪಾಮ್ ಕ್ಯೂಬಾ ಕಡೆಯದು. ನರಿಬಾಲದ ಹಾಗೆ ಸುತ್ತಲೂ ಗರಿ ಬಿಡುವ ಫಾಕ್ಸ್‌ಟೇಲ್ ಪಾಮ್ ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಬಂಡೆಗಾಡಿನದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ, ಆದರೂ ಇಷ್ಟು ಬೇಗ ಮಲೆನಾಡಿನ ಅಂಗಳ ತಲುಪಿದೆ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬಾಟಲ್ ಪಾಮ್‌ನ ಕತೆ. ಅದು ಮಾರಿಷಸ್ ಬಳಿಯ ರೌಂಡ್ ಐಲೆಂಡ್ ಎಂಬ ಪುಟ್ಟ ದ್ವೀಪದ ಗಿಡ. ಹೊರಗಿನಿಂದ ತಂದುಬಿಟ್ಟ ಮೇಕೆ, ಮೊಲಗಳು ಅಲ್ಲಿನ ಚಿಗುರನ್ನೆಲ್ಲ ತಿಂದು, ಕಾಡಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಮರ. ಆದರೆ ಅಷ್ಟರಲ್ಲಿ ಬೀಜ ಊರೂರಿನ ತೋಟ ಸೇರಿತ್ತು. ತನ್ನ ನೆಲದಲ್ಲಿ ನಾಶದ ಅಂಚಿಗೆ ಬಂದ ಗಿಡ ಲೋಕದ ಅಂಗಳಗಳಲ್ಲಿ ಸಾವಿರಗಟ್ಟಲೆ ಬದುಕಿತು. ಗಿಡವನ್ನು ಬರೀ ಚಂದಕ್ಕೆ ಬೆಳೆಸುವುದೂ ಒಂದು ಕಾಪಾಡುವ ಕೆಲಸ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಷ್ಟು ದೂರದ ದ್ವೀಪದ ಗಿಡ ನಮ್ಮ ಅಂಗಳಕ್ಕೆ ಬಂತು. ಸಿದ್ದಾಪುರದ ಕಾನಿನ ಗಿಡ ಮಾತ್ರ ಇನ್ನೂ ಬಂದಿಲ್ಲ.

ನಾನು ಹೇಳುತ್ತಿರುವುದು ಕಾಡಡಿಕೆಯ ಮಾತು. ಸಸ್ಯಶಾಸ್ತ್ರದಲ್ಲಿ ಪಿನಾಂಗ ಡಿಕ್ಸೋನಿಯೈ. ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್‌ನ ‘ಫ್ಲೋರಾ ಇಂಡಿಕಾ’ದಲ್ಲಿ 1832ರಲ್ಲಿ ಇದು ಅಡಿಕೆಯ ಕುಲದಲ್ಲೇ ಸೇರಿತ್ತು, 1839ರಲ್ಲಿ ಬ್ಲೂಮ್ ಎಂಬ ವಿಜ್ಞಾನಿ ಇದನ್ನು ಪಿನಾಂಗ ಕುಲಕ್ಕೆ ತಂದ. ಆ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ಮಲಯ, ಬೋರ್ನಿಯೊ ಕಡೆಯವು. ದಕ್ಷಿಣ ಭಾರತಕ್ಕೆ ದಕ್ಕಿದ್ದು ಇದೊಂದೇ, ಅದೂ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಹುಟ್ಟುವುದಿಲ್ಲ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ, ರಾಮಪತ್ರೆ ಜಡ್ಡಿಗಳ ಆಸುಪಾಸಿನಲ್ಲಿ ಇದು ಗುಂಪುಗುಂಪಾಗಿ ನಿಂತಿರುತ್ತದೆ. ಮೇಲೆ ರಾಮಪತ್ರೆಯ ಬಳಗದ ದೊಡ್ಡ ಮರಗಳು, ಕೆಸರಿನಿಂದ ಮೊಣಕಾಲು ಮಡಚಿ ಮೇಲೆದ್ದ ಅವುಗಳ ಬೇರು, ನಡುವೆ ಸದಾ ಜಿನುಗುವ ನೀರು, ಸಿಂಗಳೀಕದ ಕೂಗು. ಬಿಸಿಲು ನೆಲ ಮುಟ್ಟುವುದೇ ಅಪರೂಪ. ಆ ಮಬ್ಬಿನಲ್ಲಿ ಕಾಡಡಿಕೆಯ ತೆಳ್ಳನೆ ಹಸಿರು ಕಾಂಡ ಕಣ್ಣಿಗೆ ತಂಪಾಗಿ ಕಾಣುತ್ತದೆ.

ಹತ್ತಿರ ಹೋಗಿ ನೋಡಿದರೆ ಇದರ ಚಂದ ತಿಳಿಯುತ್ತದೆ. ಕಾಂಡ ಒಂದೂವರೆ, ಎರಡು ಇಂಚಿಗಿಂತ ದಪ್ಪ ಆಗುವುದು ಕಡಿಮೆ. ಎತ್ತರ 15–20 ಅಡಿಗೆ ಮುಗಿಯಿತು. ಹಾಳೆ ಕಳಚಿದ ಜಾಗದಲ್ಲಿ ಉಂಗುರದ ಗೆರೆ, ಎರಡು ಗೆರೆಯ ನಡುವೆ ನುಣ್ಣನೆಯ ಎಳೆ ಹಸಿರು. ತಲೆಯ ಬುಡದಲ್ಲಿ ಹಾಳೆಗಳು ಸುತ್ತಿಕೊಂಡ ಭಾಗ ತುಸು ಉಬ್ಬಿ, ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಗರಿಗಳು ಅಡಿಕೆಯ ಸೋಗೆಯಷ್ಟು ಒತ್ತಾಗಿಲ್ಲ; ಅಗಲವಾಗಿ, ಉದ್ದ ಗೀರುಗಳಿಂದ ಕೂಡಿ, ತುದಿಯ ಜೋಡಿ ಮಾತ್ರ ಕತ್ತರಿಸಿ ಹಲ್ಲು ಬಿಡಿಸಿದ ಹಾಗೆ ಮೊಂಡಾಗಿ ಮುಗಿಯುತ್ತದೆ. ಸಿಂಗಾರ ಬರುವುದು ಎಲೆಗಳ ಕೆಳಗೆ, ನಾಲ್ಕಾರು ಎಸಳಾಗಿ ಚೆದರಿಕೊಂಡು. ಕಾಯಿ ಬೆರಳ ತುದಿಯಷ್ಟು, ಹಣ್ಣಾದಾಗ ಕೆಂಪು. ಒಡೆದರೆ ಒಳಗೆ ಅಡಿಕೆಯದೇ ಕಂದು ಬಿಳಿ ಗೀರು. ಅಡಿಕೆ ಕೊಳ್ಳಲಾಗದ ಬಡವರು, ಕಾಡಿನ ಜನ ಇದನ್ನೇ ಎಲೆಗೆ ಹಾಕಿಕೊಳ್ಳುತ್ತಿದ್ದರು.

ಇದಕ್ಕೆ ಇನ್ನೊಂದು ಗುಣವಿದೆ. ಅಡಿಕೆ ಒಂಟಿ ಮರ; ಕಾಡಡಿಕೆ ಸಂಸಾರಸ್ಥ. ನೆಲದೊಳಗೆ ಬಳ್ಳಿಬೇರು ಹರಿಸಿ ಅಕ್ಕಪಕ್ಕ ಮರಿ ಎಬ್ಬಿಸುತ್ತದೆ. ಒಂದು ಗಿಡ ನೆಟ್ಟು ಕಾದರೆ ಕೆಲವು ವರ್ಷಕ್ಕೆ ಅದು ಎತ್ತರದ್ದು, ನಡುವಿನದು, ಮೊಳಕೆಯದು ಎಲ್ಲ ಸೇರಿದ ಒಂದು ಸಣ್ಣ ಮೆಳೆ. ಮನೆಯ ಗೋಡೆಯ ಪಕ್ಕಕ್ಕೆ, ಬಾವಿಕಟ್ಟೆಯ ಹಿಂದಕ್ಕೆ, ಬಚ್ಚಲಿನ ನೀರು ಹರಿಯುವ ಕಡೆಗೆ ಇದಕ್ಕಿಂತ ಒಪ್ಪುವ ತಾಳೆಜಾತಿ ನಾನು ನೋಡಿಲ್ಲ. ಮಾಡಿಗೆ ತಾಗುವುದಿಲ್ಲ, ಬೇರು ಗೋಡೆ ಸೀಳುವುದಿಲ್ಲ, ಗರಿ ಬಿದ್ದರೆ ಹಂಚು ಒಡೆಯುವುದಿಲ್ಲ.

ಬೆಳೆಸುವ ಕ್ರಮ ಅಡಿಕೆಯವರಿಗೆ ಹೊಸದಲ್ಲ. ಬೀಜ ಒಣಗಬಾರದು, ಇದೊಂದು ಮಾತು ಮುಖ್ಯ. ಅಡಿಕೆಯ ಗೋಟನ್ನು ಒಣಗಿಸಿ ವರ್ಷಗಟ್ಟಲೆ ಇಡುವ ಅಭ್ಯಾಸ ನಮ್ಮದು. ಬಿತ್ತನೆಯ ಬೀಜಕ್ಕೆ ಆ ಉಪಚಾರ ಮಾಡಿದರೆ ಜೀವ ಹೋಗುತ್ತದೆ. ಹಣ್ಣು ಉದುರಿದ ಕೂಡಲೆ ಸಿಪ್ಪೆ ತಿಕ್ಕಿ ತೆಗೆದು, ಮರಳು ಮತ್ತು ದರಕಿನ ಗೊಬ್ಬರ ಬೆರೆಸಿದ ಪಾತಿಯಲ್ಲಿ ಅರ್ಧ ಇಂಚು ಆಳಕ್ಕೆ ಊರಿ, ಮೇಲೆ ಸೋಗೆ ಹಾಸಿ ತೇವ ಕಾಯಬೇಕು. ಮೊಳಕೆಗೆ ಎರಡು ಮೂರು ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು. ಮೊದಲ ಎಲೆ ಅಡಿಕೆ ಸಸಿಯದರ ಹಾಗೇ ಎರಡು ಸೀಳಿನದು. ಗರಿ ಬಿಡಿಸುವ ಎಲೆ ಬರುವವರೆಗೆ ಚೀಲದಲ್ಲೇ ಇರಲಿ. ಮೃಗಶಿರ ಹಿಡಿದು, ಆರಿದ್ರೆಯ ಹೊತ್ತಿಗೆ ನೆಲ ಪೂರ್ತಿ ನೆನೆದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರು ಹಿಡಿಯುತ್ತದೆ. ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಿತಮಿತ. ಬುಡಕ್ಕೆ ದರಕು ಮಾತ್ರ ಧಾರಾಳ. ಕಾನಿನಲ್ಲಿ ಅದು ಉಂಡು ಬೆಳೆದದ್ದು ಎಲೆಗೊಬ್ಬರವನ್ನೇ. ಮುಳ್ಳುಹಂದಿ ಬುಡ ಕೆದರುವ ಕಡೆ ಮುಳ್ಳಿನ ಬೇಲಿಯೋ ತಗಡಿನ ಸುತ್ತೋ ಇರಲೇಬೇಕು. ಮಳೆಗಾಲದಲ್ಲಿ ಬಸವನಹುಳು ಎಳೆ ಸುಳಿ ತಿನ್ನದ ಹಾಗೆ ಬೆಳಿಗ್ಗೆ ಎದ್ದು ಆರಿಸಿ ತೆಗೆಯಬೇಕು.

ಶತ್ರು ಎಂದರೆ ಪಡುವಣ ಬಿಸಿಲು. ಅಡಿಕೆ ತೋಟದ ಅಂಚಿನ ಮರಗಳಿಗೆ ಬಿಸಿಲು ಬಡಿದು ಕಾಂಡ ಸೀಳದಿರಲೆಂದು ನಾವು ಸೋಗೆ ಸುತ್ತಿ ಕಟ್ಟುತ್ತೇವಲ್ಲ, ಅದೇ ಬಿಸಿಲು. ಅಡಿಕೆಗೆ ಸೋಗೆ ಕಟ್ಟಿದರೆ ನಡೆಯುತ್ತದೆ, ಕಾಡಡಿಕೆಗೆ ಅಷ್ಟು ಸಾಲದು. ಗರಿ ಸುಟ್ಟು ಕಂದಾಗುತ್ತದೆ. ಮನೆಯ ಮೂಡಣ ಬದಿ, ಹಲಸಿನ ಮರದ ನೆರಳು, ತೋಟದೊಳಗಿನ ಬಸಿಗಾಲುವೆಯ ದಂಡೆ ಇದಕ್ಕೆ ಒಳ್ಳೆಯ ಜಾಗ. ಮೂರು ತಾಲ್ಲೂಕಿನ ಹವೆಯೂ ಒಂದೇ ಅಲ್ಲ. ಸಿದ್ದಾಪುರದ ಘಟ್ಟದ ಅಂಚಿನಲ್ಲಿ ಇದು ತನ್ನ ಮನೆಯಲ್ಲೇ ಇದ್ದ ಹಾಗೆ ಬೆಳೆಯುತ್ತದೆ. ಶಿರಸಿಯಲ್ಲಿ ಬೇಸಿಗೆಗೆ ನೀರು ತಪ್ಪಿಸಬಾರದು. ಯಲ್ಲಾಪುರದಲ್ಲಿ ಅರಬೈಲ್ ಘಟ್ಟದ ಬದಿಗೆ ತೊಂದರೆಯಿಲ್ಲ; ಮುಂಡಗೋಡದ ಕಡೆ ಸರಿದಂತೆ ಕಾಡು ಎಲೆ ಉದುರಿಸುವ ಜಾತಿಯದಾಗುತ್ತದೆ, ಗಾಳಿ ಮಾಘದಲ್ಲೇ ಒಣಗುತ್ತದೆ. ಅಲ್ಲಿ ತೋಟದ ಒಳಗೆ ನೆಡುವುದೇ ಸರಿ.

ತೋಟದ ಒಳಗೆ ಎಂದೆ. ಬ್ರಿಟಿಷ್ ಪ್ರವಾಸಿ ಬುಕಾನನ್ 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿಯ ದಾರಿಯಲ್ಲಿ ಬಂದಾಗ ಇಲ್ಲಿನ ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆ ಒಂದೇ ನೆಲದಲ್ಲಿ ಬೆಳೆಯುವುದನ್ನು ವಿವರವಾಗಿ ಬರೆದುಕೊಂಡ. ಎರಡು ಗುಡ್ಡದ ನಡುವಿನ ತಗ್ಗು, ನೀರಿನ ಒರತೆ, ಮೇಲೊಂದು ನೆರಳು, ಮರ ಹಬ್ಬುವ ಬಳ್ಳಿ, ಕೆಳಗೆ ನೆರಳು ಬೇಡುವ ಗಿಡ, ಬೆಟ್ಟದಿಂದ ಬರುವ ಸೊಪ್ಪು. ನಮ್ಮ ಹಿರಿಯರು ತೋಟ ಕಟ್ಟಿದ್ದು ಕಾನನ್ನು ನೋಡಿಯೇ. ಕಾಡಡಿಕೆಗೆ ಬೇಕಾದ ನೆರಳು, ತೇವ, ದರಕು ಮೂರನ್ನೂ ಸಿದ್ಧಪಡಿಸಿಟ್ಟುಕೊಂಡ ಜಾಗ ಲೋಕದಲ್ಲಿ ಇನ್ನೊಂದಿದ್ದರೆ ಅದು ನಮ್ಮ ತೋಟ. ಯಾವ ಪಟ್ಟಣದ ಶ್ರೀಮಂತ ಉದ್ಯಾನಕ್ಕೂ ಇದು ಸುಲಭಕ್ಕೆ ಸಿಗುವ ಸೌಕರ್ಯವಲ್ಲ.

ನನ್ನ ಗಿಡಗಳನ್ನು ನೋಡಿದ ನೆರೆಮನೆಯ ಹಿರಿಯರೊಬ್ಬರು ಕೇಳಿದ್ದರು: “ಇದು ಎಷ್ಟು ವರ್ಷಕ್ಕೆ ಫಸಲು ಬತ್ತು ತಮಾ?”

“ಫಸಲು ಹೇಳಿ ಎಂತೂ ಇಲ್ಲೆ ಮಾವ. ನೋಡಲೆ ಚಂದ, ಅಷ್ಟೇಯ.”

ಅವರು ಕಾಂಡ ಮುಟ್ಟಿ, ಉಂಗುರಗಳ ಮೇಲೆ ಬೆರಳಾಡಿಸಿ, “ಅಡಿಕೆ ಮರನೂ ಹಿಂಗೇ ಚಂದ ಇರ್ತು, ನಂಗ ನೋಡ್ತಿಲ್ಲೆ” ಅಂದರು. ಫಸಲು ಕೊಡದ ಈ ಗಿಡ ಫಸಲಿನ ಮರವನ್ನು ನೋಡುವ ಕಣ್ಣು ಕೊಟ್ಟಿತು. ಇದನ್ನು ಬೆಳೆಸಲು ನನಗೆ ಅಷ್ಟು ಕಾರಣ ಸಾಕು.

ಇನ್ನೂ ಲಾಭದ ಮಾತೇ ಬೇಕೆನ್ನುವವರಿಗೆ ತುಮಕೂರು ಜಿಲ್ಲೆಯ ಹಿರೇಹಳ್ಳಿಯ ಗಿಡ್ಡ ಅಡಿಕೆಯ ಉದಾಹರಣೆಯಿದೆ. ತಾನಾಗಿ ಹುಟ್ಟಿದ ಕುಳ್ಳು ಮರ. ಗಂಟುಗಳು ಒತ್ತೊತ್ತು, ಗರಿ ದಟ್ಟ, ನೋಡಲು ಅಂಗಳದ ಗಿಡವೇ. ಅಡಿಕೆಯ ಗುಣಮಟ್ಟದಲ್ಲಿ ಅದು ಪೇಟೆಗೆ ನಿಲ್ಲುವುದಲ್ಲ. ಆದರೂ ಅದನ್ನು ಕಡಿದು ಹಾಕದೆ ಉಳಿಸಿಕೊಂಡದ್ದರಿಂದ, ವಿಟ್ಲದ ಸಂಶೋಧನಾ ಕೇಂದ್ರದವರು ಅದಕ್ಕೆ ಸುಮಂಗಲ, ಮೋಹಿತ್‌ನಗರ ತಳಿಗಳ ಸಂಬಂಧ ಕೂಡಿಸಿ ಕುಳ್ಳು ಸಂಕರ ತಳಿಗಳನ್ನು ತಂದರು. ಕೊನೆಗೌಡರು ಸಿಗದ ಈ ಕಾಲದಲ್ಲಿ ಕುಳ್ಳು ಮರದ ಬೆಲೆ ತೋಟಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಯಾವ ಗಿಡದಲ್ಲಿ ಯಾವ ಗುಣ ಅಡಗಿದೆ ಎಂದು ಇವತ್ತೇ ತೀರ್ಪು ಕೊಡುವುದು ನಮ್ಮ ಕೈಯಲ್ಲಿಲ್ಲ. ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಜಾಗ ದೊಡ್ಡದಿದ್ದವರು ಬೈನೆಯನ್ನೂ ಬಿಡಬಾರದು. ಮೀನಿನ ಬಾಲದ ಎಲೆಯ ಆ ಮರ ಹೂ ಬಿಡಲು ಶುರುಮಾಡಿದರೆ ನೆತ್ತಿಯಿಂದ ಬುಡದ ಕಡೆಗೆ ವರ್ಷಗಟ್ಟಲೆ ಜಡೆ ಇಳಿಬಿಟ್ಟು, ಕಡೆಯ ಗೊಂಚಲಿನೊಂದಿಗೆ ತನ್ನ ಆಯುಷ್ಯ ಮುಗಿಸುತ್ತದೆ. ಹಣ್ಣಿನ ತಿರುಳು ತುರಿಸುತ್ತದೆ, ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಎಲೆಯ ಅಡಿ ಬೆಳ್ಳಗೆ ಹೊಳೆಯುವ ದಡಸಲು ಇನ್ನೊಂದು ಘಟ್ಟದ್ದೇ ತಾಳೆ. ಹಳ್ಳದ ಇಳಿಜಾರಿನಲ್ಲಿ ಮಣ್ಣು ಹಿಡಿದು ನಿಲ್ಲುತ್ತದೆ.

ಕತ್ತಲೆಕಾನು ಇರುವ ಕಾಡಿನ ಪಟ್ಟಿಗೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂಬ ರಕ್ಷಣೆ ಬಂತು. 2019ರಲ್ಲಿ ಅದು ಶರಾವತಿ ಅಭಯಾರಣ್ಯದೊಂದಿಗೆ ಕೂಡಿತು. ಆ ಕಾನಿನ ಹೆಸರನ್ನೇ ಹೊತ್ತು 2000ದಲ್ಲಿ ಲೋಕಕ್ಕೆ ಪರಿಚಯವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರವನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜದಿಂದ ಸಸಿ ಮಾಡಿ ಬೆಳೆಸಿದ್ದಾರೆ. 2001ರಿಂದ ವನಸ್ತ್ರೀ ಸಂಘಟನೆಯ ಹೆಂಗಸರು ಶಿರಸಿಯಲ್ಲಿ ಹಿತ್ತಲಿನ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ದಾರಿ ತೋರಿಸುವವರು ಊರಲ್ಲೇ ಇದ್ದಾರೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಅಭಯಾರಣ್ಯದಿಂದ ಏನನ್ನೂ ತರಬೇಡಿ. ಯಾವ ಕಾಡಿನಿಂದಲೂ ಗಿಡ ಕೀಳಬೇಡಿ. ಮೆಳೆಯಿಂದ ಕಿತ್ತ ಮರಿ ಬದುಕುವುದು ಕಡಿಮೆ, ಕಿತ್ತ ಜಾಗ ಬರಿದಾಗುವುದಂತೂ ಖಂಡಿತ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ, ನೆಂಟರ ತೋಟದ ಹಳ್ಳದ ದಂಡೆಯಲ್ಲಿ ಕಾಡಡಿಕೆ ಇದ್ದರೆ ಅದರ ಬುಡದ ದರಕು ಗುಡಿಸದೆ ಬಿಡಿ. ಹಣ್ಣಾಗಿ ಉದುರಿದ ಬೀಜದಲ್ಲಿ ನಾಲ್ಕನ್ನು ಮಾತ್ರ ತಂದು ಪಾತಿ ಹಾಕಿ. ನರ್ಸರಿಯವರನ್ನು ಕಾಡಡಿಕೆಯ ಸಸಿ ಬೇಕೆಂದು ಕೇಳಿ. ಕೇಳುವವರಿದ್ದರೆ ಅವರೂ ಬೆಳೆಸುತ್ತಾರೆ. ಮತ್ತು ನಿಮ್ಮ ಅಂಗಳದ ಗಿಡ ಬೀಜ ಕಟ್ಟಿದ ವರ್ಷ, ಪಕ್ಕದ ಮನೆಗೆ ಎರಡು ಸಸಿ ತಪ್ಪದೆ ಕೊಡಿ.