ಗೋದಡಿಯ ಮೂಲೆಯ ಹೂವು

ನಿಪ್ಪಾಣಿಯಿಂದ ಕಾಗವಾಡದವರೆಗೆ ಮನೆ ಮನೆ ಹೊಕ್ಕು ಬಂದರೆ ಒಂದೇ ವಸ್ತುವಿಗೆ ಮೂರು ಹೆಸರು ಕಿವಿಗೆ ಬೀಳುತ್ತವೆ. ಕನ್ನಡದ ಮನೆಗಳಲ್ಲಿ ಕೌದಿ, ಮರಾಠಿ ಮನೆಗಳಲ್ಲಿ ವಾಕಳ, ದಖ್ಖನಿ ಮಾತಾಡುವ ನಮ್ಮ ಮನೆಗಳಲ್ಲಿ ಗೋದಡಿ. ಹರಿದ ಸೀರೆ, ಸವೆದ ಲುಂಗಿ, ಮಕ್ಕಳಿಗೆ ಗಿಡ್ಡವಾದ ಫ್ರಾಕು ಎಲ್ಲವನ್ನೂ ಪದರ ಪದರವಾಗಿ ಹಾಸಿ ದಪ್ಪ ದಾರದಲ್ಲಿ ಹೊಲಿದ ಹೊದಿಕೆ. ರಾಯಬಾಗ, ಅಥಣಿಯ ಹಳ್ಳಿಗಳಲ್ಲಿ ಚಳಿಗಾಲದ ಬೆಳಿಗ್ಗೆ ಕಟ್ಟೆ, ಬೇಲಿಗಳ ಮೇಲೆ ಅವು ಬಿಸಿಲು ಕಾಯಿಸುತ್ತಿರುತ್ತವೆ.

ಚಿಕ್ಕೋಡಿಯ ನಮ್ಮ ಮನೆಯ ಟ್ರಂಕಿನಲ್ಲಿ ದಾದಿಮಾ ಹೊಲಿದ ಗೋದಡಿ ಒಂದಿದೆ. ನಡುವೆ ಅಬ್ಬಾರ ಬಾಲ್ಯದ ಈದ್ ಅಂಗಿಯ ಹಸಿರು ತುಂಡು, ಅದರ ಪಕ್ಕ ದಾದಿಮಾರ ಇಳಕಲ್ ಸೀರೆಯ ಕೆಂಪು ಸೆರಗು. “ಅಮ್ಮೀ, ಇದನ್ನು ಇನ್ನಾದರೂ ಯಾರಿಗಾದರೂ ಕೊಟ್ಟುಬಿಡೋಣ” ಎಂದು ಮಗಳು ಪ್ರತಿ ವರ್ಷ ರಮಝಾನಿನ ಮೊದಲು ಮನೆ ತೊಳೆಯುವಾಗ ಹೇಳುತ್ತಾಳೆ. ದಾದಿಮಾರ ಬಗ್ಗೆ ಯಾರಾದರೂ ಕೇಳಿದರೆ “ಅವರು ಮನೆಯಲ್ಲೇ ಇದ್ದರು” ಎಂದೇ ನಾವು ಹೇಳುತ್ತ ಬಂದವರು. ಝುಹರ್ ನಮಾಝ್ ಮುಗಿಸಿ ಅಸರ್‌ವರೆಗೆ ಸೂಜಿ ಹಿಡಿದು ಕೂತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಇಂಥವೇ ಹೊದಿಕೆಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು ಎಂದು ಓದಿದಾಗ ಮೊದಲು ನಗು ಬಂತು, ಆಮೇಲೆ ಮನಸ್ಸಿಗೆ ಚುಚ್ಚಿತು. ಹೊಲಿದವರು ದೂರದವರೇನಲ್ಲ, ಪಕ್ಕದ ಉತ್ತರ ಕನ್ನಡದ ಸಿದ್ದಿ ಹೆಂಗಸರು. ಅದನ್ನು ಕಣ್ಣಾರೆ ನೋಡಬೇಕೆಂದು ಚಿಕ್ಕೋಡಿಯಿಂದ ಬೆಳಗಾವಿಗೆ, ಅಲ್ಲಿಂದ ಖಾನಾಪುರದ ದಾರಿ ಹಿಡಿದು ಹಳಿಯಾಳಕ್ಕೆ ಹೊರಟೆ. ಕಬ್ಬಿನ ಗದ್ದೆಗಳು ಹಿಂದೆ ಉಳಿದು ಕಾಡು ಶುರುವಾಯಿತು.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು. ದಖ್ಖನಿನ ಸುಲ್ತಾನರ ಸೈನ್ಯಕ್ಕೆ ಹಬ್ಶಿಗಳಾಗಿ ಬಂದವರ ಕಥೆ ಬೇರೆ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ನಮ್ಮ ಅಥಣಿ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದ ಕಾಲದಲ್ಲಿ ಆ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ದೊಡ್ಡ ಅಧಿಕಾರದಲ್ಲಿದ್ದ. ಮೊದಲ ಅಝಾನ್ ಕೊಟ್ಟ ಹಝ್ರತ್ ಬಿಲಾಲ್ (ರ) ಹಬ್ಶಿ ಮೂಲದವರೆಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುವ ನಾವು, ಬಸ್ಸಿನಲ್ಲಿ ಸಿದ್ದಿ ಹುಡುಗಿ ಪಕ್ಕದಲ್ಲಿ ಕೂತರೆ ತಿರುತಿರುಗಿ ನೋಡುತ್ತೇವೆ. ನಾನೂ ನೋಡಿದೆ. ಸುಳ್ಳು ಹೇಳಬಾರದು.

ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ. ಹಳಿಯಾಳದ ಕಡೆ ಮುಸ್ಲಿಮರು ಹೆಚ್ಚು. ನಾನು ಹೋದ ಮನೆಯ ಖಾಲಾ ಸಲಾಮ್ ಹೇಳಿ ಚಾಪೆ ಹಾಸಿ ಕೂರಿಸಿದರು. ಅವರ ಮುಂದೆ ಅರ್ಧ ಆದ ಕೌದಿ. ಹಳೆಯ ಸೀರೆಯೊಂದನ್ನು ಕೆಳಗೆ ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ನಡುವಿನ ಕಡೆಗೆ ಬರುತ್ತಾರೆ. ಒಂದೊಂದೇ ಚೂರನ್ನು ಅಂಚು ಮಡಚಿ ಕೂರಿಸಿದಂತೆ ಅದರ ಮೇಲೆ ಹೊಲಿಗೆಯ ಸಾಲು ಹರಿಯುತ್ತದೆ. ಯಂತ್ರವಿಲ್ಲ, ಅಳತೆ ಪಟ್ಟಿಯಿಲ್ಲ, ಬಣ್ಣವನ್ನು ಕಣ್ಣೇ ಆರಿಸುತ್ತದೆ. ಮುಸ್ಲಿಮ್ ಮನೆಗಳ ಕೌದಿಯಲ್ಲಿ ಕೆಲವೊಮ್ಮೆ ಚಂದ್ರ, ಮಸೀದಿಯ ಆಕಾರ ಬರುವುದುಂಟು. ಕ್ರೈಸ್ತರದರಲ್ಲಿ ಶಿಲುಬೆ.

ಕೊನೆಗೆ ನಾಲ್ಕು ಮೂಲೆಗೆ ಚೌಕದ ಬಟ್ಟೆ ಚೂರುಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಹೊಲಿಯುತ್ತಾರೆ. ಅದಕ್ಕೆ ಫೂಲ್ ಎನ್ನುತ್ತಾರೆ. “ಹೂ ಇಲ್ಲದೆ ಕೊಟ್ಟರೆ?” ಎಂದು ಕೇಳಿದೆ. ಖಾಲಾ ಸೊಸೆಯ ಕಡೆ ನೋಡಿ ನಕ್ಕರು. ಹೂವಿಲ್ಲದ ಕೌದಿ ಬೆತ್ತಲೆಯಂತೆ!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರ ಸುಮಾರಿಗೆ ಇಲ್ಲಿಗೆ ಬಂದು ಈ ಕೌದಿಗಳನ್ನು ಕಂಡು ಬೆರಗಾದರು. ಸಿದ್ದಿ ಹೆಂಗಸರ ಸಹಕಾರಿ ಗುಂಪಿಗೂ ನೆರವಾದರು. ಅಲ್ಲಿಂದ ಇದು ‘ಭಾರತದಲ್ಲಿರುವ ಆಫ್ರಿಕನ್ನರ ಕಲೆ’ ಎಂದು ಹೊರಗೆ ಹೆಸರಾಯಿತು. ಹೆಸರು ಬಂದದ್ದು ಸಂತೋಷವೇ. ಆದರೆ ಆಫ್ರಿಕಾದ್ದು ಎನ್ನುವುದಕ್ಕೆ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಘಾನಾದ ಕೆಂಟೆ ಬಟ್ಟೆಯನ್ನು ಗಂಡಸರು ಮಗ್ಗದಲ್ಲಿ ಕಿರಿದಾದ ಪಟ್ಟಿಗಳಾಗಿ ನೇಯ್ದು ಆಮೇಲೆ ಜೋಡಿಸುತ್ತಾರೆ. ಝುಲು ಹೆಂಗಸರು ಮಣಿ ಪೋಣಿಸುತ್ತಾರೆ. ಗ್ವಾಟೆಮಾಲಾದ ಮಾಯಾ ಹೆಂಗಸರು ಸೊಂಟಕ್ಕೆ ಕಟ್ಟಿದ ಮಗ್ಗದಲ್ಲಿ ನೇಯುವ ವೀಪಿಲ್ ರವಿಕೆಯಿಂದ ತೊಟ್ಟವಳ ಊರನ್ನೇ ಗುರುತಿಸುವುದುಂಟು. ಅವೆಲ್ಲ ಆಯಾ ನೆಲದಲ್ಲೇ ಬೆಳೆದವು. ಸಿದ್ದಿ ಕೌದಿಯ ಬಣ್ಣದ ಧೈರ್ಯದಲ್ಲಿ ಆ ಖಂಡದ ನೆನಪು ಇರಬಹುದು. ಸೂಜಿ, ಸೀರೆ, ಅಂಚಿನಿಂದ ಒಳಗೆ ಸುತ್ತುವ ಹೊಲಿಗೆ ಮಾತ್ರ ನಮ್ಮ ದಾದಿಮಾರದೂ ಅದೇ.

ಶತಮಾನಗಳಿಂದ ಇಲ್ಲೇ ಇದ್ದು ಕನ್ನಡ, ಕೊಂಕಣಿ, ಉರ್ದು ಆಡುವವರನ್ನು “ನೀವು ಎಲ್ಲಿಯವರು?” ಎಂದು ಕೇಳುವುದು ಇನ್ನೂ ನಿಂತಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ನಮ್ಮ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದೇ ಕಾಡಿನ ಅದೇ ಜನ, ಆದರೂ 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿ ದಾಟಿ ಮದುವೆಯಾಗಿ ಬಂದ ಹೆಣ್ಣುಮಗಳ ಮಕ್ಕಳಿಗೆ ಆ 17 ವರ್ಷ ಏನಾಗಿರಬಹುದು ಎಂದು ಯೋಚಿಸಿ.

ಹೊರಡುವಾಗ ಮಗುವಿಗೆಂದು ಹೊಲಿದ ಒಂದು ಚಿಕ್ಕ ಕೌದಿ ಕೊಂಡೆ. ಖಾಲಾ ಹೇಳಿದ ಬೆಲೆಗೆ ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ದಾದಿಮಾರ ಗೋದಡಿ ತೆಗೆದು ಎರಡನ್ನೂ ಅಕ್ಕಪಕ್ಕ ಹಾಸಿದೆ. ನಮ್ಮದರ ಮೂಲೆಯಲ್ಲಿ ಹೂವಿಲ್ಲ. ಮಗಳು ಹತ್ತಿರ ಬಂದು ಮಂಡಿಯೂರಿ ಕೂತಳು. ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಇದು ಯಾರದು, ಇದು ಯಾರದು ಎಂದು ಕೇಳತೊಡಗಿದಳು. ಹನ್ನೊಂದಕ್ಕೆ ಹೆಸರು ಹೇಳಿದೆ. ಹನ್ನೆರಡನೆಯದು ಸಣ್ಣ ಬಿಳಿ ಚುಕ್ಕೆಯ ಕಪ್ಪು ಬಟ್ಟೆ. ಅದು ಗೊತ್ತಾಗಲಿಲ್ಲ. ಅಥಣಿಯಲ್ಲಿರುವ ಫೂಫಿಗೆ ಫೋನ್ ಹಚ್ಚಿದೆವು.